ಊರು ಬಿಟ್ಟು ಹೋದ ಆತಗೂರಿನ ಕಲ್ಲು

ಮದ್ದೂರು ಎಂದೊಡನೆ ಎಲ್ಲರಿಗೂ ನೆನಪಾಗುವುದು ವಡೆ. ಬೆಂಗಳೂರು–ಮೈಸೂರು ರೈಲಿನಲ್ಲಿ ಒಮ್ಮೆಯಾದರೂ ಓಡಾಡಿದವರು ಆ ಗರಿಗರಿ ರುಚಿಯನ್ನು ಮರೆಯಲಾರರು. ಸ್ವಲ್ಪ ಇತಿಹಾಸ ಬಲ್ಲವರು 1938ರ ಶಿವಪುರದ ಧ್ವಜ ಸತ್ಯಾಗ್ರಹವನ್ನು ನೆನೆಯುತ್ತಾರೆ. ಭಕ್ತರಿಗೆ ಮದ್ದೂರು ಎಂದರೆ ಉಗ್ರನರಸಿಂಹ, ಹಕ್ಕಿಪ್ರಿಯರಿಗೆ ಕೊಕ್ಕರೆಬೆಳ್ಳೂರು. ಆದರೆ ಇದೇ ತಾಲ್ಲೂಕಿನ ಆತಗೂರು ಎಂಬ ಹೋಬಳಿ ಊರಿನ ಹೆಸರು ದಕ್ಷಿಣ ಭಾರತದ ಇತಿಹಾಸ ಬರೆಯುವ ಯಾರೂ ಬಿಡದೆ ಉಲ್ಲೇಖಿಸುವ ಹೆಸರು ಎಂಬುದು ನಮ್ಮಲ್ಲೇ ಎಷ್ಟೋ ಜನರಿಗೆ ತಿಳಿಯದು. ಕಾರಣ ಒಂದು ಕಲ್ಲು. ಆ ಕಲ್ಲಿಗೆ ಕಾರಣ ಒಂದು ನಾಯಿ.

ನಾನು ಇತಿಹಾಸದ ಮೇಷ್ಟರಲ್ಲ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವನು. ಕೆಲವು ವರ್ಷಗಳ ಹಿಂದೆ ನಮ್ಮ ಮಕ್ಕಳನ್ನು ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿದ್ದೆವು. ಯಂತ್ರಗಳನ್ನೆಲ್ಲ ನೋಡಿ ಮುಗಿದ ಮೇಲೆ, ಊಟಕ್ಕೆ ಇನ್ನೂ ಹೊತ್ತಿದೆಯೆಂದು ಕಸ್ತೂರಬಾ ರಸ್ತೆಯಲ್ಲಿ ಪಕ್ಕದಲ್ಲೇ ಇರುವ ಕೆಂಪು ಕಟ್ಟಡದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೂ ನುಗ್ಗಿದೆವು. 1865ರಲ್ಲಿ ಆರಂಭವಾದ ಈ ಸಂಗ್ರಹಾಲಯ ದೇಶದ ಹಳೆಯ ಸಂಗ್ರಹಾಲಯಗಳಲ್ಲಿ ಒಂದು. ಕಲ್ಲುಗಳ ಸಾಲಿನ ಮುಂದೆ ಮಕ್ಕಳು ಆಕಳಿಸುತ್ತಿದ್ದಾಗ ಒಬ್ಬ ಹುಡುಗ ಕೂಗಿದ: "ಸಾ, ಇಲ್ಲಿ ಹಂದಿಗೂ ನಾಯಿಗೂ ಕುಸ್ತಿ ನಡೀತೈತೆ ನೋಡಿ ಸಾ!"

ನಿಜಕ್ಕೂ ಹಾಗೆಯೇ ಇತ್ತು. ನಿಲ್ಲಿಸಿದ ಚಪ್ಪಡಿ. ಅದರಲ್ಲಿ ಉಬ್ಬಿಸಿ ಕೆತ್ತಿದ ಎರಡು ಪ್ರಾಣಿಗಳು, ಒಂದು ಕಾಡುಹಂದಿ, ಒಂದು ನಾಯಿ. ಒಂದರ ಮೇಲೊಂದು ಬಿದ್ದಿವೆ. ಉಳಿದ ಜಾಗವೆಲ್ಲ ದುಂಡು ದುಂಡಾದ ಹಳಗನ್ನಡ ಅಕ್ಷರ. ಕೆಳಗಿನ ಫಲಕದಲ್ಲಿ ಮಂಡ್ಯ ಜಿಲ್ಲೆಯ ಹೆಸರು ಕಂಡದ್ದೇ ತಡ, ಅಷ್ಟು ಹೊತ್ತು ಆಕಳಿಸುತ್ತಿದ್ದವರೆಲ್ಲ ಗುಂಪುಗೂಡಿದರು. ನಮ್ಮೂರ ಕಲ್ಲು ಇಲ್ಲೇಕೆ ಬಂತು ಎಂಬುದು ಮೊದಲ ಪ್ರಶ್ನೆ. ನಾಯಿಗೆ ಕಲ್ಲು ನೆಡುತ್ತಾರೆಯೇ ಎಂಬುದು ಎರಡನೆಯದು. ಅಂದು ಅರ್ಧಂಬರ್ಧ ಉತ್ತರ ಹೇಳಿ, ಊರಿಗೆ ಬಂದ ಮೇಲೆ ಗ್ರಂಥಾಲಯದಲ್ಲಿ ಕುಳಿತು ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎರಡನೆಯ ಪ್ರಶ್ನೆಯೇ ರುಚಿಯಾದದ್ದು. ಕಥೆ ನಡೆದದ್ದು ಹತ್ತನೆಯ ಶತಮಾನದಲ್ಲಿ. ಆಗ ಕನ್ನಡ ನಾಡಿನ ದೊಡ್ಡ ದೊರೆ ರಾಷ್ಟ್ರಕೂಟರ ಮೂರನೆಯ ಕೃಷ್ಣ. ಶಾಸನಗಳಲ್ಲಿ ಅವನ ಹೆಸರು ಕನ್ನರದೇವ. ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ನಮ್ಮ ಈ ಕಡೆಯೆಲ್ಲ ಗಂಗವಾಡಿ ತೊಂಬತ್ತಾರು ಸಾವಿರ. ಅದನ್ನು ಆಳುತ್ತಿದ್ದವನು ಗಂಗರ ಇಮ್ಮಡಿ ಬೂತುಗ. ಇವನು ರಾಚಮಲ್ಲನನ್ನು ಕೊಂದು ಪಟ್ಟಕ್ಕೆ ಬಂದವನೆಂದು ಶಾಸನ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಕೃಷ್ಣನ ಅಕ್ಕ ರೇವಕನಿಮ್ಮಡಿ ಬೂತುಗನ ಹೆಂಡತಿ. ಹೀಗೆ ಭಾವ–ಭಾವಮೈದುನ ಇಬ್ಬರೂ ಸೇರಿ ತೆಂಕಣ ಚೋಳರ ಮೇಲೆ ದಂಡೆತ್ತಿ ಹೋದರು. ತಮಿಳುನಾಡಿನ ಅರಕ್ಕೋಣಂ ಸಮೀಪದ ತಕ್ಕೋಲದಲ್ಲಿ ಕದನವಾಯಿತು. ಚೋಳ ಪರಾಂತಕನ ಮಗ ರಾಜಾದಿತ್ಯ ಆನೆಯ ಮೇಲೆ ಕುಳಿತು ಕಾದಾಡುತ್ತಿದ್ದವನು ಬೂತುಗನ ಕೈಯಲ್ಲಿ ಮಡಿದ. ಮೆಚ್ಚಿದ ಕೃಷ್ಣ ಬೂತುಗನಿಗೆ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಇವುಗಳನ್ನು ಕೊಟ್ಟ. ಇಂದಿನ ಉತ್ತರ ಕನ್ನಡದಿಂದ ಗದಗ, ಬಾಗಲಕೋಟೆಯವರೆಗೆ ಹಬ್ಬಿದ ನಾಡು ಅದು.

ಆ ಕಾಳಗದಲ್ಲಿ ಬೂತುಗನ ಮುಂದೆ ನಿಂತು ಹೋರಾಡಿದ ಸೇವಕನೊಬ್ಬನಿದ್ದ. ಹೆಸರು ಮಣಲೇರ. ಸಗರ ವಂಶದವನು. ಅವನ ಪರಾಕ್ರಮಕ್ಕೆ ಒಲಿದ ಬೂತುಗ, ಏನು ಬೇಕೋ ಕೇಳಿಕೋ ಎಂದ. ಇಂಥ ಸಂದರ್ಭದಲ್ಲಿ ಜನ ಏನು ಕೇಳುತ್ತಾರೆ? ಊರು, ಹೊನ್ನು, ಪದವಿ. ಮಣಲೇರ ಕೇಳಿದ್ದು ದೊರೆಯ ಬೇಟೆನಾಯಿಯನ್ನು. ಅದರ ಹೆಸರು ಕಾಳಿ. ಕೇಳಿದ, ಸಿಕ್ಕಿತು. ಆಮೇಲೆ ಕೇಳಲೆನಾಡಿನ ಬೆಳತೂರಿನ ಪಡುವಣ ಮೊರಡಿಯಲ್ಲಿ (ಮೊರಡಿ ಎಂದರೆ ಕಲ್ಲುಗುಡ್ಡ) ಒಂದು ಭಾರಿ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಎರಡೂ ಒಟ್ಟಿಗೆ.

ಕಾಡುಹಂದಿಯನ್ನು ಹತ್ತಿರದಿಂದ ಕಂಡ ರೈತರಿಗೆ ಇದರಲ್ಲಿ ಅತಿಶಯ ಕಾಣುವುದಿಲ್ಲ. ಬೆಳೆದ ಗಂಡುಹಂದಿ ನೂರು ಕಿಲೋಗ್ರಾಂ ತೂಗಬಲ್ಲದು. ಅದರ ಕೆಳದವಡೆಯ ಕೋರೆಹಲ್ಲು ಜೀವನಪೂರ್ತಿ ಬೆಳೆಯುತ್ತದೆ. ಮೇಲಿನ ಹಲ್ಲಿಗೆ ಉಜ್ಜಿ ಉಜ್ಜಿ ಅದು ಸದಾ ಮಸೆದ ಕತ್ತಿಯಂತಿರುತ್ತದೆ. ತಲೆ ತಗ್ಗಿಸಿ ಮೇಲಕ್ಕೆ ಸೀಳುವುದು ಹಂದಿಯ ವರಸೆ, ನಾಯಿಯ ಹೊಟ್ಟೆ ಇರುವುದು ಸರಿಯಾಗಿ ಅದೇ ಎತ್ತರದಲ್ಲಿ. ಒಂಟಿ ನಾಯಿ ಹಂದಿಯನ್ನು ಬಿಡದೆ ಹಿಡಿದು ಕೊಂದು ತಾನೂ ಸತ್ತಿತೆಂದರೆ ಅದು ಸಣ್ಣ ಮಾತಲ್ಲ.

ಮಣಲೇರ ತನ್ನ ಕಾಳಿಗಾಗಿ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಈ ಕಲ್ಲನ್ನು ನೆಡಿಸಿದ. ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಅದಕ್ಕೆ ಬಿಡಿಸಿದ. (ಅಂದಿನ ಆತಕೂರು ನಾಲಿಗೆಯಲ್ಲಿ ಹೊರಳಿ ಹೊರಳಿ ಆತಗೂರಾಗಿದೆ.) ಇಪ್ಪತ್ತು ಕೊಳಗ ಒಂದು ಖಂಡುಗ ಎಂಬ ಲೆಕ್ಕ ನಮ್ಮ ಮನೆಯ ಹಿರಿಯರಿಗೆ ಈಗಲೂ ಬಾಯಿಗೆ ಬರುತ್ತದೆ. ಖಂಡುಗ ಎಂಬುದು ನೆಲದ ಉದ್ದಗಲದ ಅಳತೆಯಲ್ಲ, ಅಷ್ಟು ಬೀಜ ಬಿತ್ತಬಹುದಾದ ನೆಲ ಎಂದರ್ಥ. ಇಷ್ಟಕ್ಕೇ ಮುಗಿಯಲಿಲ್ಲ. ಆ ಗುಡಿಯ ಗೊರವ, ಅಂದರೆ ಶೈವ ಪೂಜಾರಿ, ಈ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಆ ನಾಯಿ ಮಾಡಿದ ಪಾಪಕ್ಕೆ ಹೋಗುತ್ತಾನೆ ಎಂದು ಬರೆಸಿದ್ದಾನೆ. ನಾಯಿ ಮಾಡಿದ ಪಾಪ ಯಾವುದು? ಶಾಸನ ವಿವರಿಸುವುದಿಲ್ಲ. ತರಗತಿಯಲ್ಲಿ ಕೇಳಿದಾಗ ಒಬ್ಬಳು ಹುಡುಗಿ, "ಹಂದಿಯ ಜೀವ ತೆಗೆದದ್ದೇ ಪಾಪ ಇರಬೇಕು ಸಾರ್" ಎಂದಳು. ಅದಕ್ಕಿಂತ ಒಳ್ಳೆಯ ಉತ್ತರ ನನಗೂ ಹೊಳೆದಿಲ್ಲ.

ನಾಯಿಗೆ ಕಲ್ಲು ನೆಟ್ಟವನು ಮಣಲೇರನೊಬ್ಬನೇ ಅಲ್ಲ. ಕೋಲಾರ ಜಿಲ್ಲೆಯ ಮುಳಬಾಗಿಲು ಸೀಮೆಯಲ್ಲೂ ಬೇಟೆನಾಯಿಗಳ ಸ್ಮಾರಕಶಿಲೆ ಇದೆ. ತಮಿಳುನಾಡಿನ ತಿರುವಣ್ಣಾಮಲೈ ಸೀಮೆಯ ಎಡುತ್ತನೂರಿನಲ್ಲಿ ಏಳನೆಯ ಶತಮಾನದ, ಪಲ್ಲವ ಮಹೇಂದ್ರವರ್ಮನ ಕಾಲದ ವೀರಗಲ್ಲೊಂದರಲ್ಲಿ ಒಡೆಯನ ಪಕ್ಕದಲ್ಲೇ ಅವನ ನಾಯಿ ಕೋವಿವನ್ ನಿಂತಿದೆ. ಕಳ್ಳರನ್ನು ಕಚ್ಚಿ ಹಿಡಿದ ನಾಯಿ ಅದು. ಇನ್ನು ನಮ್ಮ ನೆರೆಯ ಚನ್ನಪಟ್ಟಣ ತಾಲ್ಲೂಕಿನ ಅಗ್ರಹಾರ ವಳಗೆರೆಹಳ್ಳಿಯಲ್ಲಿ ಇತ್ತೀಚೆಗೆ ಕಟ್ಟಿದ ನಾಯಿಗಳ ಗುಡಿಯೇ ಇದೆ, ಪತ್ರಿಕೆಗಳಲ್ಲಿ ಚಿತ್ರ ನೋಡಿರುತ್ತೀರಿ. ನಕ್ಕುಬಿಡುವ ಮೊದಲು ಆತಗೂರಿನ ಕಲ್ಲನ್ನು ನೆನೆದರೆ ಈ ಸೀಮೆಗೆ ಅದು ಹೊಸತೇನಲ್ಲ ಎನಿಸುತ್ತದೆ.

ಈಗ ಸ್ವಲ್ಪ ಲೆಕ್ಕ. ವಿದ್ಯಾರ್ಥಿಗಳು ಪೆನ್ಸಿಲ್ ತೆಗೆದುಕೊಳ್ಳಬಹುದು. ಶಾಸನದಲ್ಲಿ ಕಾಲ ಶಕ ವರ್ಷ 872, ಸೌಮ್ಯ ಸಂವತ್ಸರ ಎಂದಿದೆ. ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆಂದು ನಾವು ಕಲಿಸುತ್ತೇವೆ. ಹಾಗೆ ಮಾಡಿದರೆ 950. ಆದರೆ ಪುಸ್ತಕಗಳಲ್ಲೆಲ್ಲ ತಕ್ಕೋಲದ ಕಾಳಗ 949 ಎಂದೇ ಇರುತ್ತದೆ. ವ್ಯತ್ಯಾಸವೇಕೆ? ನಿಮ್ಮ ವಯಸ್ಸನ್ನೇ ತೆಗೆದುಕೊಳ್ಳಿ. ಹದಿನಾಲ್ಕು ತುಂಬಿದೆ ಎಂದರೂ ಸರಿ, ಹದಿನೈದು ನಡೆಯುತ್ತಿದೆ ಎಂದರೂ ಸರಿ. 78 ಕೂಡಿಸುವ ಸೂತ್ರ ತುಂಬಿದ ವರ್ಷಗಳಿಗೆ. ಇಲ್ಲಿ ಹೇಳಿರುವುದು ನಡೆಯುತ್ತಿರುವ 872. ತುಂಬಿದ್ದು 871, ಕೂಡಿಸಿದರೆ 949. ಹಾಗೆಂದು ಹೇಗೆ ಗೊತ್ತು? ಸಂವತ್ಸರದ ಹೆಸರೇ ಸಾಕ್ಷಿ. ಅರವತ್ತರ ಚಕ್ರದಲ್ಲಿ ಸೌಮ್ಯ ನಲವತ್ತಮೂರನೆಯದು. 1987ರ ಯುಗಾದಿಗೆ ಪ್ರಭವ ಬಂದಿತ್ತು. ಅಲ್ಲಿಂದ ಅರವತ್ತರಂತೆ ಹಿಂದೆ ಎಣಿಸುತ್ತ ಹೋಗಿ 907ರ ಪ್ರಭವವನ್ನು ಮುಟ್ಟಿ, ನಲವತ್ತೆರಡು ವರ್ಷ ಮುಂದೆ ಬನ್ನಿ. 949ಕ್ಕೆ ಸೌಮ್ಯ ಸರಿಯಾಗಿ ಕೂಡುತ್ತದೆ. ನಮ್ಮ ಅಜ್ಜಂದಿರು ಗೋಡೆಯ ಪಂಚಾಂಗ ನೋಡಿ ಬಾಯಿಪಾಠ ಹೇಳುತ್ತಿದ್ದ ಅರವತ್ತು ಹೆಸರುಗಳು ಇಷ್ಟು ಉಪಯುಕ್ತವೆಂದು ಅವರಿಗೂ ಅನ್ನಿಸಿರಲಿಕ್ಕಿಲ್ಲ.

ಲೆಕ್ಕಕ್ಕಿಂತ ಹೆಚ್ಚು ಪಾಠ ಕಲಿಸುವುದು ಈ ಕಲ್ಲಿನ ಒಂದು ಪದ: ಬಿಸುಗೆ. ರಾಜಾದಿತ್ಯ ಸತ್ತದ್ದು ಹೇಗೆಂದು ಹೇಳುವಲ್ಲಿ ಇದು ಬರುತ್ತದೆ. ಆರಂಭದಲ್ಲಿ ಇದನ್ನು ಓದಿದ ವಿದ್ವಾಂಸರು ಆ ಪದಕ್ಕೆ ಅಪ್ಪುಗೆ ಎಂಬ ಅರ್ಥ ಹಚ್ಚಿದರು. ಬೆಸೆಯುವುದು, ಬೆಸುಗೆ ಎಂಬ ಮಾತುಗಳಿವೆಯಲ್ಲ, ತಂತಿಗೆ ಬೆಸುಗೆ ಹಾಕುತ್ತೇವಲ್ಲ, ಆ ಜಾಡಿನಲ್ಲಿ. ಅದರ ಫಲವಾಗಿ ಬೂತುಗ ಸ್ನೇಹದ ನೆಪದಲ್ಲಿ ಅಪ್ಪಿಕೊಂಡು ಚೋಳ ರಾಜಕುಮಾರನನ್ನು ಇರಿದ ಮೋಸಗಾರನೆಂದಾಯಿತು! ಮುಂದೆ ಸರಿಯಾದ ಅರ್ಥ ಗೊತ್ತಾಯಿತು. ಹಳಗನ್ನಡದಲ್ಲಿ ಬಿಸುಗೆ ಎಂದರೆ ಆನೆಯ ಮೇಲಿನ ಅಂಬಾರಿ. ಅಂಬಾರಿಯನ್ನೇ ಕಳನನ್ನಾಗಿ ಮಾಡಿಕೊಂಡು, ಅಂದರೆ ರಣಭೂಮಿಯನ್ನಾಗಿ ಮಾಡಿಕೊಂಡು ಬೂತುಗ ಇರಿದ ಎಂಬುದು ತಾತ್ಪರ್ಯ. ಚೋಳರ ಕಡೆಯ ದಾಖಲೆಗಳೂ ರಾಜಾದಿತ್ಯನನ್ನು ಆನೆಯ ಮೇಲೆ ಮಡಿದವನೆಂದೇ ಗೌರವದಿಂದ ನೆನೆಯುತ್ತವೆ. ಎರಡು ಶತ್ರು ಪಕ್ಷಗಳ ಸಾಕ್ಷಿ ಒಂದಕ್ಕೊಂದು ಹೊಂದಿದಾಗ ನಂಬಿಕೆ ಗಟ್ಟಿಯಾಗುತ್ತದೆ. ಪ್ರಯೋಗಶಾಲೆಯಲ್ಲೂ ಇದೇ ನಿಯಮ. ಸಾವಿರ ವರ್ಷದ ಹಿಂದೆ ಸತ್ತ ದೊರೆಯೊಬ್ಬ ಒಂದು ನಿಘಂಟಿನ ದೆಸೆಯಿಂದ ವಂಚಕನೆನಿಸಿಕೊಂಡು, ಇನ್ನೊಂದು ನಿಘಂಟಿನ ದೆಸೆಯಿಂದ ಬಿಡುಗಡೆಯಾದ. ಕನ್ನಡ ಮಾಧ್ಯಮದಲ್ಲಿ ಓದಿದರೆ ಏನು ಪ್ರಯೋಜನ ಎಂದು ಕೇಳುವ ತಂದೆತಾಯಿಗಳು ಬಿಸುಗೆಯ ಕಥೆಯನ್ನು ಒಮ್ಮೆ ಕೇಳಬೇಕು.

ಇನ್ನೊಂದು ಪದವೂ ನನಗೆ ಬಹಳ ಇಷ್ಟವಾಯಿತು. ನಾಯಿಯಲ್ಲದೆ ಬೂತುಗ ಮಣಲೇರನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಕಾಡಿಯೂರನ್ನೂ ಕೊಟ್ಟ. ಅದಕ್ಕೆ ಶಾಸನ ಬಳಸುವ ಮಾತು ಬಾಳ್ಗಚ್ಚು. ಬಾಳ್ ಎಂದರೆ ಕತ್ತಿ, ಕರ್ಚು ಎಂದರೆ ತೊಳೆಯುವುದು. ರಣದಿಂದ ಬಂದ ವೀರನ ಕತ್ತಿಯನ್ನು ತೊಳೆದು ಕೊಡುವ ಉಂಬಳಿ. ನಮ್ಮ ಆತಗೂರು ಹೀಗೆ ನೀರಿನ ಸಾಕ್ಷಿಯಾಗಿ ಕೈ ಬದಲಾಯಿಸಿದ ಊರು.

ನೀರು, ಕಲ್ಲು ಎಂದಾಗ ನೆನಪಾಯಿತು. ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿನ ಒಂದು ಕಲ್ಲುಬಾನಿಯ ಚಿತ್ರಗಳನ್ನು ಕಳಿಸಿದ್ದ. ಕ್ರೈಸ್ತರಲ್ಲಿ ಮಗುವಿಗೆ ದೀಕ್ಷಾಸ್ನಾನ ಮಾಡಿಸುವ ನೀರು ತುಂಬುವ ಬಾನಿ ಅದು. ಇಂಗ್ಲೆಂಡಿನ ಹಳ್ಳಿ ಹಳ್ಳಿಯ ಇಗರ್ಜಿಯಲ್ಲೂ ಬಾಗಿಲ ಹತ್ತಿರ ಇಂಥದ್ದೊಂದು ಇರುತ್ತದೆಯಂತೆ. ಅವನು ಕಳಿಸಿದ್ದು ಕಂಬ್ರಿಯಾ ಸೀಮೆಯ ಬ್ರೈಡ್‌ಕರ್ಕ್ ಎಂಬ ಹಳ್ಳಿಯದು. ನಾವೆಲ್ಲ ಪಠ್ಯದಲ್ಲಿ ಓದಿದ ಕವಿ ವರ್ಡ್ಸ್‌ವರ್ತ್ ಹುಟ್ಟಿದ ಕಾಕರ್‌ಮೌತ್ ಪಟ್ಟಣ ಅಲ್ಲೇ ಸಮೀಪ. ಬಾನಿ ಹನ್ನೆರಡನೆಯ ಶತಮಾನದ್ದು. ನಾಲ್ಕೂ ಮಗ್ಗುಲಲ್ಲಿ ಬಳ್ಳಿಗಳು, ವಿಚಿತ್ರ ಮೃಗಗಳು, ಯೇಸುವಿನ ದೀಕ್ಷಾಸ್ನಾನ. ಒಂದು ಮೂಲೆಯಲ್ಲಿ ಉಳಿ ಸುತ್ತಿಗೆ ಹಿಡಿದು ಕೆಲಸಕ್ಕೆ ಕುಳಿತ ಕಲ್ಲುಕುಟಿಗ. ಪಟ್ಟಿಯಲ್ಲಿ ರೂನ್ ಎಂಬ ಹಳೆಯ ಲಿಪಿಯ ಬರಹ. ಇದನ್ನು ಮಾಡಿದವನು ರಿಚರ್ಡ್ ಎಂದು ಅದರಲ್ಲಿ ಕಲ್ಲೇ ಮಾತಾಡುತ್ತದೆ.

ನಮ್ಮ ಕಲ್ಲು ಅದಕ್ಕಿಂತ ಇನ್ನೂರು ವರ್ಷ ಹಿರಿಯದು. ಅಲ್ಲೂ ಮೃಗಗಳು, ಇಲ್ಲೂ ಮೃಗಗಳು. ಅಲ್ಲೂ ಸಣ್ಣ ಹಳ್ಳಿಯ ದೇವರ ಮನೆ, ಇಲ್ಲೂ ಅದೇ. ಆದರೆ ನನ್ನ ಮನಸ್ಸಿನಲ್ಲಿ ಕೂತದ್ದು ಹೋಲಿಕೆಯಲ್ಲ, ವ್ಯತ್ಯಾಸ. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಊರಿನವರು ಹಳೆಯ ಇಗರ್ಜಿಯ ಬದಲು ಹೊಸದನ್ನು ಕಟ್ಟಿಕೊಂಡಾಗ ಬಾನಿಯನ್ನೂ ಹೊಸ ಕಟ್ಟಡಕ್ಕೆ ತಂದಿಟ್ಟುಕೊಂಡರು. ಕಲ್ಲು ಊರಲ್ಲೇ ಉಳಿಯಿತು. ನಮ್ಮ ಕಾಳಿಯ ಕಲ್ಲು ಬೆಂಗಳೂರಿಗೆ ಹೋಯಿತು.

ಇದರಿಂದ ಬೆಂಗಳೂರಿನವರನ್ನು ದೂರುವುದು ನನ್ನ ಉದ್ದೇಶವಲ್ಲ. ಹೋಗದಿದ್ದರೆ ಏನಾಗುತ್ತಿತ್ತೋ ಯಾರು ಬಲ್ಲರು! ನನ್ನ ಕಣ್ಣೆದುರಿಗೇ ನಮ್ಮ ಸುತ್ತಿನ ಊರೊಂದರಲ್ಲಿ ಅಕ್ಷರವಿದ್ದ ವೀರಗಲ್ಲು ಮೊದಲು ಬಟ್ಟೆ ಒಗೆಯುವ ಕಲ್ಲಾಯಿತು, ಆಮೇಲೆ ಚರಂಡಿಗೆ ಹಾಸಾಯಿತು, ಅದರ ಮೇಲೆ ಕಾಂಕ್ರೀಟು ಬಿತ್ತು. ಇನ್ನೊಂದೆಡೆ ಭಕ್ತಿ ಹೆಚ್ಚಾಗಿ ಆಯಿಲ್ ಪೇಂಟ್ ಬಳಿದಿದ್ದಾರೆ. ದಪ್ಪ ಬಣ್ಣ ಅಕ್ಷರದ ಗೀರುಗಳನ್ನು ತುಂಬಿಬಿಡುತ್ತದೆ, ಕಲ್ಲಿನೊಳಗಿನ ತೇವ ಹೊರಬರಲು ದಾರಿಯಿಲ್ಲದೆ ಮೇಲ್ಪದರ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಕಾಳಿಯ ಕಲ್ಲು ಇವೆರಡರಿಂದಲೂ ತಪ್ಪಿಸಿಕೊಂಡಿತು. ಅದನ್ನು ಲೋಕಕ್ಕೆ ತೋರಿಸಿದವರು ಬಿ. ಎಲ್. ರೈಸ್. ಬೆಂಗಳೂರಿನಲ್ಲೇ ಹುಟ್ಟಿ, ಮೊದಲು ಶಾಲೆಯ ಮುಖ್ಯಸ್ಥರಾಗಿ, ಆಮೇಲೆ ಶಾಲಾ ಇನ್ಸ್‌ಪೆಕ್ಟರಾಗಿ ಮೈಸೂರು ಸೀಮೆಯ ಹಳ್ಳಿಹಳ್ಳಿ ಸುತ್ತುತ್ತಲೇ ಶಾಸನಗಳ ಹುಚ್ಚು ಹತ್ತಿಸಿಕೊಂಡವರು. 1894ರಲ್ಲಿ ಹೊರಬಂದ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಇದು ಮಂಡ್ಯ ತಾಲ್ಲೂಕಿನ 41ನೆಯ ಶಾಸನ. ಆಗ ಆತಗೂರು ಮಂಡ್ಯಕ್ಕೆ ಸೇರಿತ್ತು. ಶಾಲೆ ತಪಾಸಣೆಗೆ ಬಂದವರು ಹಾಜರಿ ಪುಸ್ತಕದ ಜೊತೆಗೆ ಊರ ಬಾಗಿಲ ಕಲ್ಲನ್ನೂ ಓದುತ್ತಿದ್ದ ಕಾಲ ಅದು ಎಂದು ನಮ್ಮಂಥ ಮೇಷ್ಟರುಗಳಿಗೆ ಸ್ವಲ್ಪ ಹೆಮ್ಮೆ.

ಮಕ್ಕಳಿಗೆ ಒಂದು ಕೆಲಸ ಹೇಳುತ್ತೇನೆ. ನಿಮ್ಮೂರಿನಲ್ಲಿ ಅಕ್ಷರವಿರುವ ಕಲ್ಲಿದ್ದರೆ ಸೀಮೆಸುಣ್ಣ ತುಂಬಬೇಡಿ, ತಂತಿ ಬ್ರಷ್ಷಿನಿಂದ ಉಜ್ಜಬೇಡಿ. ಕತ್ತಲಾದ ಮೇಲೆ ಒಂದು ಟಾರ್ಚ್ ತೆಗೆದುಕೊಂಡು ಹೋಗಿ. ಬೆಳಕನ್ನು ಕಲ್ಲಿಗೆ ನೇರವಾಗಿ ಬಿಡದೆ, ಕಲ್ಲಿನ ಮೈಗೆ ಸವರಿದಂತೆ ಪಕ್ಕದಿಂದ ಬಿಡಿ. ಮಧ್ಯಾಹ್ನದ ಬಿಸಿಲಿನಲ್ಲಿ ಮಾಯವಾಗಿದ್ದ ಗೀರುಗಳು ಪ್ರತಿಯೊಂದೂ ನೆರಳು ಚೆಲ್ಲಿ ಎದ್ದು ನಿಲ್ಲುತ್ತವೆ. ದೂರದರ್ಶಕದಲ್ಲಿ ಚಂದ್ರನ ಕುಳಿಗಳು ಹುಣ್ಣಿಮೆಗಿಂತ ಅಷ್ಟಮಿಯ ದಿನ ಚೆನ್ನಾಗಿ ಕಾಣುವುದೂ ಇದೇ ಕಾರಣಕ್ಕೆ. ವಿದ್ವಾಂಸರು ಮಾಡುವ ಅಚ್ಚು ಬೇರೆ ಬಗೆಯದು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಕಾಗದವನ್ನು ಗೀರುಗಳೊಳಗೆ ಇಳಿಸುತ್ತಾರೆ. ಮೇಲೆ ಮಸಿಯ ಉಂಡೆಯನ್ನು ಒತ್ತಿದರೆ ಉಬ್ಬು ಕಪ್ಪಾಗಿ, ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಮನೆಯಲ್ಲೇ ನಾಣ್ಯದ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಇದರ ಮರಿ ಪ್ರಯೋಗ ಆಯಿತು. ಈಗ ಇದಕ್ಕೂ ಮುಂದೆ ಹೋಗಿ, ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನ್ ಮಾಡಿ ಅಕ್ಷರದ ಆಳವನ್ನೂ ದಾಖಲಿಸುತ್ತಿದ್ದಾರೆ.

ಅಂಥ ಸ್ಕ್ಯಾನ್ ಇದ್ದರೆ ಪ್ರತಿರೂಪ ಮಾಡುವುದೂ ಕಷ್ಟವಲ್ಲ. ಹಾಸನ ಜಿಲ್ಲೆಯ ಹಲ್ಮಿಡಿಯವರಿಗೆ ಹೀಗೊಂದು ಸಮಾಧಾನ ದೊರೆತಿದೆ. ಅಲ್ಲಿನ ಪ್ರಸಿದ್ಧ ಶಾಸನದ ಮೂಲ ಮೈಸೂರಿನಲ್ಲಿದ್ದರೂ, ಊರಿನಲ್ಲಿ ಮಂಟಪ ಕಟ್ಟಿ ಪ್ರತಿರೂಪ ನಿಲ್ಲಿಸಿದ್ದಾರೆ. ಹಲ್ಮಿಡಿಗೆ ಸಿಕ್ಕಿದ್ದು ಆತಗೂರಿಗೂ ಸಿಗಬೇಕೆಂಬುದು ನನ್ನ ಆಸೆ. ಮೂಲ ಕಲ್ಲು ಸುರಕ್ಷಿತವಾಗಿ ಬೆಂಗಳೂರಿನಲ್ಲೇ ಇರಲಿ. ಆದರೆ ತಕ್ಕೋಲ ಎಂದು ಪರೀಕ್ಷೆಗೆ ಉರುಹೊಡೆಯುವ ಹುಡುಗ ಆ ಯುದ್ಧದ ಕಥೆ ಹೇಳುವ ಕಲ್ಲು ತನ್ನ ಹೋಬಳಿಯದೆಂದು ಬೆರಳಿಟ್ಟು ಮುಟ್ಟುವಂತಿರಬೇಕು. ಆ ನಾಯಿಯ ಕಿವಿ, ಹಂದಿಯ ಬೆನ್ನು ಅವನ ಕೈಗೆ ಸಿಗಬೇಕು. ಗಾಜಿನ ಹಿಂದಿನ ಫಲಕ ಓದಿ ಬರುವ ಅರಿವು ಬೇರೆ, ಇದು ಬೇರೆ. ಹಳೆಯ ವಿದ್ಯಾರ್ಥಿಗಳೂ ಊರಿನ ಹಿರಿಯರೂ ಸೇರಿ ಒಂದು ಅರ್ಜಿ ಬರೆದರೆ ಆಗದ ಕೆಲಸವಲ್ಲ. ಕಾಲಾವಕಾಶವೂ ಇದೆ. 949ರಿಂದ ಅರವತ್ತರ ಚಕ್ರ ಹದಿನೆಂಟು ಸುತ್ತು ತಿರುಗಿದರೆ 1080 ವರ್ಷ. ಆ ಸುತ್ತು ಮುಗಿದು ಸೌಮ್ಯ ಸಂವತ್ಸರ ಮತ್ತೆ ಬರುವುದು 2029ರ ಯುಗಾದಿಗೆ.

ನೋಡಲು ಹೊರಡುವವರಿಗೆ ಎರಡು ಮಾತು. ಆತಗೂರಿಗೆ ಮದ್ದೂರು ಬಸ್ ನಿಲ್ದಾಣದಲ್ಲಿ ವಿಚಾರಿಸಿ ಹೋಗಬಹುದು. ಊರು, ಕೆರೆ ಬಯಲು, ಸುತ್ತಲಿನ ಮೊರಡಿಗಳನ್ನು ನೋಡಿಕೊಂಡು ಬಂದರೆ ಶಾಸನದ ಮಾತುಗಳಿಗೆ ಜಾಗ ಸಿಗುತ್ತದೆ. ಬೆಂಗಳೂರಿನ ಸಂಗ್ರಹಾಲಯ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಹೊರಡಿ. ಮಕ್ಕಳನ್ನು ಕರೆದೊಯ್ಯುವುದಾದರೆ ಕಾಳಿಯ ಕಥೆಯನ್ನು ದಾರಿಯಲ್ಲೇ ಹೇಳಿಬಿಡಿ. ಕಲ್ಲುಗಳ ಸಾಲಿನಲ್ಲಿ ನಾಯಿ ಯಾವುದೆಂದು ಅವರೇ ಹುಡುಕಿಕೊಳ್ಳುತ್ತಾರೆ.